ಜನ್ನತಬಿ ನೀರು ಬಿಡಿಸಿದ ಗಿಡ

ಜನ್ನತಬಿಗೆ ಸಿಟ್ಟು ಬಂದರೆ ಓಣಿಯ ನಾಯಿಗಳೂ ದಾರಿ ಬದಲಿಸುತ್ತವೆ ಎಂದು ಇಂಡಿ ಊರಿನ ಜನ ನಗುತ್ತಿದ್ದರು. ನಗುವವರಿಗೇನು ಖರ್ಚು? ಆ ಸಿಟ್ಟು ಎಲ್ಲಿಂದ ಬಂತು ಎಂದು ಒಬ್ಬರಾದರೂ ಕೇಳಿದ್ದರೆ ಇದನ್ನೆಲ್ಲ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಆಕೆ ತಾಂಬಾದ ನಿಂಬೆ ತೋಟದಲ್ಲಿ ಬೆಳೆದವಳು. ಅಪ್ಪನ ಹಿಂದೆ ಸಾಲು ಸಾಲು ತಿರುಗಿ, ಎಲೆ ಮುಟ್ಟಿ ನೋಡಿ, ಯಾವ ಗಿಡಕ್ಕೆ ನೀರು ಬೇಕು ಯಾವುದಕ್ಕೆ ಬೇಡ ಎಂದು ಹತ್ತು ವರ್ಷಕ್ಕೇ ಹೇಳುತ್ತಿದ್ದಳು. ಲಗ್ನವಾಗಿ ಬಂದದ್ದು ಕಾಸಿಂಸಾಬ ಮಾಸ್ತರರ ಮನೆಗೆ. ಮಾಸ್ತರರು ಮೆಲುಮಾತಿನವರು, ಐದು ಹೊತ್ತಿನ ನಮಾಜು ತಪ್ಪಿಸಿದವರಲ್ಲ, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಹೀಗಾಗಿ ಆ ಮನೆಯಲ್ಲಿ ಏನು ಒಳ್ಳೆಯದಾದರೂ ಅದು ಮಾಸ್ತರರದು. ಜನ್ನತಬಿ ಹೊಗೆ ಕುಡಿದು ಕುದಿಸಿದ ಸಾರು ರುಚಿಯಾದರೆ ಅದೂ ಮಾಸ್ತರರ ಮನೆಯ ಸಾರು. ಇದನ್ನು ಆಕೆ ಇಪ್ಪತ್ತು ವರ್ಷ ನುಂಗಿಕೊಂಡು ಬಂದಿದ್ದಳು.

ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿದ ಮರುವರ್ಷ, ಅಂದರೆ ಐವತ್ತೇಳರಲ್ಲಿ, ಮಾಸ್ತರರು ನೌಕರಿಯ ಕಾಗದಪತ್ರಕ್ಕೆಂದು ಬೆಂಗಳೂರಿಗೆ ಹೋದರು. ಬರುವಾಗ ಒದ್ದೆ ಗೋಣಿಯಲ್ಲಿ ಸುತ್ತಿದ ಸೇಬಿನ ಸಸಿಯೊಂದನ್ನು ತಂದರು. ಗಿಡ್ಡ ಜಾತಿಯ ಬೇರಿನ ಮೇಲೆ ಕಸಿ ಕಟ್ಟಿದ್ದು, ಎಷ್ಟು ಬೆಳೆದರೂ ಒಂದೂವರೆ ಆಳೆತ್ತರ ಮೀರದು, ಹಿತ್ತಲಿಗೆ ಹೇಳಿ ಮಾಡಿಸಿದ್ದು ಎಂದು ಮಾರಿದವನು ಹೇಳಿದ್ದನಂತೆ. ಮಾಸ್ತರರು ಕಸಿಯ ಗಂಟೂ ಮುಚ್ಚುವಷ್ಟು ಆಳಕ್ಕೆ ಸಸಿ ಇಳಿಸಿ ಮಣ್ಣು ತುಳಿದರು. ಜನ್ನತಬಿ ಅದನ್ನು ಕಿತ್ತು ಎತ್ತರಿಸಿ ಮತ್ತೆ ನೆಟ್ಟಳು.

"ಗಂಟು ಮಣ್ಣಾಗ ಹೋದ್ರ ಮ್ಯಾಲಿನ ಕಾಂಡಾನ ಬೇರ ಬಿಡತೈತ್ರಿ. ಆಮ್ಯಾಲ ಗಿಡ್ಡ ಜಾತಿ ಅಂತ ತಂದದ್ದು ಮಾಳಗಿ ದಾಟಿ ಹೋಗತೈತಿ" ಎಂದಳು.

"ನಿನಗ ಸೇಬಿನ ಗಿಡಾ ಯಾರ ತೋರಿಸ್ಯಾರ?" ಎಂದು ಮಾಸ್ತರರು ನಕ್ಕರು.

ಗಿಡ ಬಂತು. ಸೊಂಟಕ್ಕೆ ಬಂತು, ತಲೆಗೆ ಬಂತು, ಹೇಳಿದಷ್ಟೇ ಎತ್ತರಕ್ಕೆ ನಿಂತಿತು. ಆರು ವರ್ಷವಾದರೂ ಒಂದು ಹೂ ಬಿಡಲಿಲ್ಲ. ಯಾಕೆ ಬಿಡುತ್ತಿಲ್ಲ ಎಂಬುದು ಜನ್ನತಬಿಗೆ ಎರಡನೆಯ ವರ್ಷವೇ ಗೊತ್ತಾಗಿತ್ತು. ಗಿಡದ ಬುಡಕ್ಕೆ ಹತ್ತಿದಂತೆ ಒಂದು ಹಾಸುಗಲ್ಲಿತ್ತು. ಮಾಸ್ತರರು ದಿನಕ್ಕೆ ಐದು ಸಲ ಅದರ ಮೇಲೆ ಕೂತು ವಜೂ ಮಾಡುತ್ತಿದ್ದರು. ಕೈಕಾಲು ಮುಖ ತೊಳೆದ ನೀರೆಲ್ಲ ನೇರ ಬೇರಿಗೆ ಇಳಿಯುತ್ತಿತ್ತು. ಹೊಟ್ಟೆ ತುಂಬಿದ ಗಿಡ ಮೂರು ಕಾಲವೂ ಬರೀ ಎಲೆ ಬಿಡುತ್ತಿತ್ತು. ತಾಂಬಾದಲ್ಲಿ ನಿಂಬೆಗೆ ಬಹಾರ ಹಿಡಿಯುತ್ತಿದ್ದರು. ನೀರು ಬಿಡಿಸುವುದು, ಅಂದರೆ ಪೂರ್ತಿ ನಿಲ್ಲಿಸುವುದು, ಬುಡ ಕೆದರಿ ಬೇರಿಗೆ ಬಿಸಿಲು ಕಾಣಿಸುವುದು, ಎಲೆ ಉದುರಿ ಗಿಡ ಸತ್ತಂತೆ ನಿಂತಾಗ ಗೊಬ್ಬರ ಕೊಟ್ಟು ಒಮ್ಮೆಲೇ ನೀರು ಕಟ್ಟುವುದು. ಆಗ ಟೊಂಗೆಯ ತುಂಬ ಹೂ. ಸೇಬಿಗೂ ಅದೇ ಬೇಕು ಎಂದು ಆಕೆಯ ಕೈ ಹೇಳುತ್ತಿತ್ತು.

"ವಜೂ ಅಂಗಳದಾಗ ಮಾಡ್ರಿ" ಎಂದು ಪ್ರತಿ ಚಳಿಗಾಲದಲ್ಲೂ ಹೇಳಿದಳು. "ಗಿಡಾ ನೀರಿಲ್ದ ಒಣಗಸೋದು ಪಾಪ ಐತಿ, ಗುನಾ ಐತಿ, ಜನ್ನತ" ಎಂದು ಅವರು ಪ್ರತಿ ಚಳಿಗಾಲದಲ್ಲೂ ಅಂದರು. ನಮಾಜಿಗೆ ಕೂತವರ ಜೊತೆ ಜಗಳ ತೆಗೆಯುವುದು ಹೇಗೆ?

ಅರವತ್ಮೂರರ ಚಳಿಗಾಲದಲ್ಲಿ ಓಣಿಯ ತುದಿಯ ಕಿರಾಣಿ ಅಂಗಡಿಯ ಚನ್ನಬಸಯ್ಯ ಹಿತ್ತಲಿಗೆ ಬಂದು, "ಮಾಸ್ತರ, ಇದು ಒಲಿಗೆ ಹಾಕೂ ಗಿಡಾ" ಎಂದ. ಮಾಸ್ತರರು ತಲೆಯಾಡಿಸಿ, "ಹೌದ್ರಿ, ಈ ಬ್ಯಾಸಗಿಗೆ ಕಡಸತೇನಿ" ಎಂದುಬಿಟ್ಟರು. ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ಜನ್ನತಬಿಯ ಮೈ ಉರಿದುಹೋಯಿತು. ಅವರು ಶಾಲೆಗೆ ಹೋದೊಡನೆ ಹಾರೆ ತಂದು ಹಾಸುಗಲ್ಲನ್ನು ಎಬ್ಬಿಸಿ, ಒಬ್ಬಳೇ ಉರುಳಿಸುತ್ತ ಅಂಗಳಕ್ಕೆ ತಂದು ಹಾಕಿದಳು. ಸಂಜೆ ಮಾಸ್ತರರು ಕಲ್ಲು ನೋಡಿದರು, ಆಕೆಯ ಮುಖ ನೋಡಿದರು, ಅಂಗಳದಲ್ಲೇ ಕೂತು ವಜೂ ಮಾಡಿದರು.

ಜನ್ನತಬಿ ಬುಡ ಕೆದರಿ ಬೇರನ್ನು ಬಿಸಿಲಿಗೆ ಬಿಟ್ಟಳು. ಇನ್ನು ನಲವತ್ತು ದಿನ ಗಿಡಕ್ಕೆ ಹನಿ ನೀರು ತಾಗಬಾರದು. ಹತ್ತೊಂಬತ್ತನೆಯ ದಿನ ಪಕ್ಕದ ಮನೆಯ ಲಕ್ಕವ್ವ ಬಾಡಿದ ಎಲೆ ನೋಡಲಾರದೆ ಗೋಡೆಯ ಮೇಲಿಂದ ಎರಡು ಕೊಡ ಸುರಿದಳು.

"ಪಾಪ, ಬಾಯಿಲ್ಲದ ಜೀವ ಅಂತ ಹಾಕಿದ್ನೆವ್ವಾ" ಎಂದಳು ಲಕ್ಕವ್ವ.

"ಬಾಯಿ ಇದ್ದ ಜೀವಾ ನಾ ಇಲ್ಲೇ ನಿಂತೇನಲ್ಲ, ನನ್ನ ಕೇಳಬಾರದಾಗಿತ್ತ?" ಎಂದು ಜನ್ನತಬಿ ಕೂಗಿದ ದನಿ ಬಜಾರದ ತನಕ ಕೇಳಿತು. ಕಣ್ಣಲ್ಲಿ ನೀರು ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಮರುದಿನದಿಂದ ಮತ್ತೆ ಒಂದು, ಎರಡು ಎಂದು ಎಣಿಸತೊಡಗಿದಳು.

ಗಟ್ಟಿಯಾಗಿ ಹಿಡಿದುಕೊಂಡಿದ್ದ ಎಲೆಗಳನ್ನು ಕೊನೆಗೆ ಕೈಯಿಂದಲೇ ತರಿದು ಹಾಕಿದಳು. ಬೆತ್ತಲೆ ಗಿಡ ನೋಡಿ ಓಣಿಯವರು ಮಾಸ್ತರರ ಹೆಂಡತಿಗೆ ತಲೆ ಕೆಟ್ಟಿದೆ ಎಂದರು. ಮಾಸ್ತರರು, "ಕಡಿಸೂ ಖರ್ಚ ಉಳಿಸಿದಿ ಬಿಡು" ಎಂದರು. ನಲವತ್ತೊಂದನೆಯ ದಿನ ಆಕೆ ಗೊಬ್ಬರ ಹಾಕಿ, ಮಡಿ ತುಂಬ ನೀರು ಕಟ್ಟಿದಳು. ಎರಡು ವಾರಕ್ಕೆ ತಿಳಿಗುಲಾಬಿ ಮೊಗ್ಗು ಒಡೆದು, ಗಿಡ ಬೆಳ್ಳಗೆ ಹೂವಾಯಿತು.

ಚನ್ನಬಸಯ್ಯ ಮತ್ತೆ ಬಂದ. ಹೂ ನೋಡಿ ಎರಡೂ ಕೈ ಜೋಡಿಸಿದ, ಗಿಡಕ್ಕಲ್ಲ, ಮಾಸ್ತರರಿಗೆ.

"ಆರ ವರ್ಷ ಐದ ಹೊತ್ತಿನ ನೀರ ಬಿದ್ದ ಜಾಗಾ ಇದು. ಅಂಥಾ ನೀರ ಸುಮ್ಮ ಹೋಗತೈತೇನ್ರಿ ಮಾಸ್ತರ?"

ಜನ್ನತಬಿ ಗಂಡನನ್ನು ನೋಡಿದಳು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದಳು. ಮಾಸ್ತರರು ಗಡ್ಡ ಸವರಿಕೊಂಡು, "ಎಲ್ಲಾ ಅಲ್ಲಾಹನ ಮೆಹರಬಾನಿ" ಎಂದರು. ಅದು ಸುಳ್ಳಲ್ಲ. ಅದಕ್ಕೇ ಆಕೆ ಕಾಲಪ್ಪಳಿಸಿ ಒಳಗೆ ಹೋದಳು. ಅಂಗಡಿಗೆ ಬಂದವರಿಗೆಲ್ಲ ಚನ್ನಬಸಯ್ಯ ಬೆಲ್ಲದ ಜೊತೆ ಈ ಸುದ್ದಿಯನ್ನೂ ಕಟ್ಟಿ ಕೊಟ್ಟ.

ಮಿರಗದ ಮಳೆಯ ಹೊತ್ತಿಗೆ ಒಂಬತ್ತು ಹಣ್ಣು ಬಲಿತವು. ಝಳಕಿಯಿಂದ, ಚಡಚಣದಿಂದ ಬಸ್ಸು ಹತ್ತಿ ಜನ ಬಂದರು. ಮಾಸ್ತರರ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮಾಸ್ತರರು ಒಂದು ಹಣ್ಣು ಕೊಯ್ದು ಹೋಳು ಮಾಡಿ, ಬಂದವರಿಗೆ ಕೊಟ್ಟರು. ಜನ್ನತಬಿ ಅವರಿಗೆಲ್ಲ ಚಹಾ ಕಾಸಿದಳು. ಹತ್ತು ದಿನ ಕಾಸಿದಳು. ಆ ಹತ್ತು ದಿನ ಗಂಡನ ಬಾಯಿಂದ ಒಂದು ಮಾತು ಬರಲಿ ಎಂದು ಕಾಯುತ್ತಲೇ ಕಾಸಿದಳು.

ಹನ್ನೊಂದನೆಯ ದಿನ ಝಳಕಿಯ ರಾವಸಾಬ ಎಂಬ ಜಮೀನ್ದಾರ ನಾಲ್ಕು ಮಂದಿ ಜೊತೆ ಬಂದ. ಕೈಯಲ್ಲಿ ಹಿತ್ತಾಳೆ ಕೊಡ. "ಈ ಗಿಡಕ್ಕ ಒಂದ ಕೊಡ ನೀರ ಹಾಕಿ ಹೋಗತೇನ್ರಿ, ಮಾಸ್ತರ. ನಮಗೂ ಪುಣ್ಯ ಬರಲಿ" ಎಂದು ಬಗ್ಗಿದ. ಜನ್ನತಬಿ ಚಹಾದ ತಾಟನ್ನು ನೆಲಕ್ಕೆ ಕುಕ್ಕಿದಳು.

"ನೀರ ಹಾಕಬ್ಯಾಡ್ರಿ. ನೀರಿನಿಂದನ ಇದು ಆರ ವರ್ಷ ಹೂ ಬಿಡಲಿಲ್ಲ. ನಲವತ್ತ ದಿನ ಉಪಾಸ ಕೆಡವೇನಿ ನಾನು, ಎಲಿ ತರದೇನಿ, ಬೇರ ಕೆದರೇನಿ. ಈ ಹಣ್ಣು ನನ್ನ ಕೈಯಿಂದ ಆದದ್ದು."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಕ್ಕಾರಿಗೆ ದಣಿವಾಗೇತಿ" ಎಂದು ರಾವಸಾಬ ಮೆತ್ತಗೆ ನಕ್ಕ. ಆ ನಗು ಮಾಸ್ತರರಿಗೆ ಚುಚ್ಚಿತು. ಅವರು ಎದ್ದು ನಿಂತರು. ಕಿವಿ ಕೆಂಪಾಗಿದ್ದವು.

"ಆಕಿ ಹೇಳೋದು ಖರೇ ಐತ್ರಿ. ನನ್ನ ನೀರಿನಿಂದ ಆದದ್ದಲ್ಲ. ನಾ ಕಡಸಾಕ ಹೊಂಟಿದ್ದೆ. ಗಿಡಾ ಉಳಿಸಿದಾಕಿ, ಹಣ್ಣ ಬಿಡಿಸಿದಾಕಿ ಜನ್ನತ."

ಕೊನೆಗೂ ಹೇಳಿದರು. ಜನ್ನತಬಿಯ ಎದೆ ಒಂದು ಗಳಿಗೆ ಹಗುರಾಯಿತು. ಅಷ್ಟರಲ್ಲಿ ರಾವಸಾಬ ಕೊಡ ಕೆಳಗಿಟ್ಟು ಮಾಸ್ತರರ ಎರಡೂ ಕೈ ಹಿಡಿದುಕೊಂಡ. ಅವನ ದನಿ ತುಂಬಿ ಬಂದಿತ್ತು.

"ನೋಡ್ರೋ, ಎಂಥಾ ದೊಡ್ಡ ಮನಸ. ತಾ ಮಾಡಿದ್ದನ್ನೂ ಹೆಂಡತಿ ಹೆಸರಿಗೆ ಹಚ್ಚತಾರ. ಸುಮ್ಮ ಬರತೈತೇನ್ರಿ ಅಂಥಾ ಬರಕತ್ತು?"

ಹೊರಡುವಾಗ ಎಲ್ಲರೂ ಮಾಸ್ತರರಿಗೆ ಮೊದಲಿಗಿಂತ ಹೆಚ್ಚು ಬಗ್ಗಿ ಕೈ ಮುಗಿದರು. ಹಿತ್ತಲಲ್ಲಿ ಇಬ್ಬರೇ ಉಳಿದರು.

"ನಾ ಹೇಳಿದ್ನಲ್ಲ" ಎಂದರು ಮಾಸ್ತರರು.

"ಹೂ ಬಿಟ್ಟ ದಿನ ಹೇಳಿದ್ರ ಅದು ಖರೇ ಆಗತಿತ್ತು" ಎಂದಳು ಜನ್ನತಬಿ. ಕೂಗಲಿಲ್ಲ. "ಇವತ್ತ ಹೇಳಿದ್ರಿ, ಅದೂ ನಿಮ್ಮ ದೊಡ್ಡಸ್ತಿಕಿ ಆತು. ನನಗ ಏನ ಉಳಿಸಿದ್ರಿ?"

ಅಷ್ಟರಲ್ಲಿ ಮುಂದಿನ ಬಾಗಿಲಲ್ಲಿ ಯಾರೋ ಹೊಸಬರು ಬಂದು, ಸೇಬಿನ ಮಾಸ್ತರರ ಮನೆ ಇದೇ ಏನ್ರಿ ಎಂದು ಕೇಳುತ್ತಿದ್ದರು. ಜನ್ನತಬಿ ಸೆರಗು ಸಿಕ್ಕಿಸಿಕೊಂಡು ಹೋಗಿ ಹೊಸ್ತಿಲ ಮೇಲೆ ನಿಂತಳು.

"ಅಲ್ಲ. ಇದು ಜನ್ನತಬಿ ಮನಿ" ಎಂದಳು. "ಮಾಸ್ತರ ಅನ್ನಾವ್ರೂ ಇಲ್ಲೇ ಇರತಾರ. ನಿಮಗ ಯಾರ ಬೇಕಾಗಿತ್ರಿ?"