ಅರಿಶಿನ ಅಂದುಕೊಂಡ ಹಳದಿ

ಕೊರೊನಾ ಕಳೆದು ಎರಡನೆಯ ವರ್ಷ. ನಾನು ಅಜ್ಜಂಪುರದಲ್ಲಿ ಎರೆಯುವ ಕೆಲಸದಲ್ಲಿದ್ದೆ, ಈಗಲೂ ಅದರಲ್ಲೇ ಇದ್ದೇನೆ. ಬಾಣಂತಿಗೆ ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರು ಹೊಯ್ಯುವುದು, ಕೂಸನ್ನು ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು ಮೈ ತೊಳೆಯುವುದು, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸುವುದು. ಇದಕ್ಕೆ ಸರ್ಟಿಫಿಕೇಟು ಇಲ್ಲ. ನಮ್ಮತ್ತೆ ಮಾಡುತ್ತಿದ್ದಳು, ಅವಳ ಕೈ ಸೋತ ಮೇಲೆ ನಾನು ಹಿಡಿದೆ. ನನಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ, ಅಷ್ಟೇ.

ಆ ವರ್ಷ ನನ್ನ ಬಲಗೈ ಮಣಿಕಟ್ಟು ಊದಿಕೊಂಡು ತುಂಬಿದ ಬಕೆಟ್ ಎತ್ತಲು ಆಗದಾಯಿತು. ನೀರು ಎತ್ತಿಕೊಡಲು ಒಬ್ಬರು ಬೇಕಿತ್ತು. ಬಂದವಳು ಸಹನಾ, ಶಿವನಿಯ ಹುಡುಗಿ. ಪಿಯುಸಿ ಮುಗಿಸಿದ್ದಳು. ಡಾಕ್ಟರ್ ಓದಲು ಬರೆಯುವ ನೀಟ್ ಪರೀಕ್ಷೆಯಲ್ಲಿ ಸರ್ಕಾರಿ ಸೀಟಿಗೆ ಬೇಕಾದಷ್ಟು ಅಂಕ ಬಂದಿರಲಿಲ್ಲ. ಮನೆಯಲ್ಲೇ ಓದಿ ಮುಂದಿನ ಸಲ ಮತ್ತೆ ಬರೆಯುತ್ತೇನೆ ಎಂದು ಹಟ ಹಿಡಿದಿದ್ದಳು. ಅವಳಪ್ಪ ಒಂದು ವರ್ಷ ಬಿಟ್ಟುಕೊಟ್ಟಿದ್ದ. ಆದರೆ ಓದು ಮುಗಿಸಿದ ಹುಡುಗಿ ಮನೆಯಲ್ಲಿ ಕೂತಿದ್ದಾಳೆ ಎಂದು ಗೊತ್ತಾದರೆ ನೆಂಟರು ಗಂಡಿನ ಮಾತು ತರುತ್ತಾರೆ. ಕೆಲಸಕ್ಕೆ ಹೋಗುತ್ತಾಳೆ ಎಂದರೆ ಸುಮ್ಮನಾಗುತ್ತಾರೆ. ಅದಕ್ಕೇ ಅವಳಿಗೆ ಕೆಲಸ ಬೇಕಿತ್ತು.

ಕಡೂರಿನಲ್ಲಿ ಅವಳು ಕೇಳದ ಬಾಗಿಲಿರಲಿಲ್ಲ. ನರ್ಸಿಂಗ್ ಹೋಮಿನಲ್ಲಿ ನರ್ಸಿಂಗ್ ಓದಿದವರೇ ಬೇಕೆಂದರು. ಮೆಡಿಕಲ್ ಶಾಪಿನವನು, "ಒಂದ್ ವರ್ಷಕ್ಕಾ? ಮಾತ್ರೆ ಹೆಸ್ರು ಕಲಿಯೋಷ್ಟ್ರಲ್ಲಿ ಹೊಂಟೋಗ್ತೀಯ, ಹೋಗಮ್ಮ" ಎಂದ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯಲು ಕರೆದರು, ಅಪ್ಪ ಒಪ್ಪಲಿಲ್ಲ. ಕೊನೆಗೆ ಯಾರೋ ನನ್ನ ಹೆಸರು ಹೇಳಿದರು.

"ಡಾಕ್ಟ್ರಾಗೋಳು ಬಕೆಟ್ ಎತ್ತೀಯೇನೇ?" ಎಂದು ಕೇಳಿದೆ.

"ಎತ್ತೀನಿ ಅಜ್ಜಿ. ಈಗ್ತಾನೇ ಹುಟ್ಟಿದ ಕೂಸ್ನ ಹತ್ರದಿಂದ ನೋಡೇ ಇಲ್ಲ ನಾನು. ಅದೂ ಆಯ್ತದೆ."

"ನೋಡೋಕೇನದೆ? ಅಳ್ತವೆ, ಉಚ್ಚೆ ಹೊಯ್ತವೆ. ನಾಳೆ ಬೆಳಿಗ್ಗೆ ಬಾ."

ಬೆಳಗಿನ ರೈಲಿಗೆ ಬರುತ್ತಿದ್ದಳು. ಹಂಡೆ ಕಾಯುವವರೆಗೆ ಒಲೆಯ ಮುಂದೆ ಕೂತು ಪುಸ್ತಕ ಓದುತ್ತಿದ್ದಳು. ಕೆಲಸದಲ್ಲಿ ಸೋಮಾರಿಯಲ್ಲ.

ಮಾಗಿಯ ಚಳಿಯಲ್ಲಿ ಗಿರಿಜಮ್ಮನ ಮನೆಯಿಂದ ಕರೆ ಬಂತು. ಅವರ ಮಗಳು ಸವಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆ ಆಸ್ಪತ್ರೆಯಲ್ಲೇ ಆಗಿ ತಾಯಿ, ಮಗು ಮನೆಗೆ ಬಂದಿದ್ದರು. ಹೆಣ್ಣು ಕೂಸು. ಅಳಿಯ ಮಂಜುನಾಥನಿಗೆ ತರೀಕೆರೆಯಲ್ಲಿ ಮೋಟರ್ ರಿಪೇರಿ ಅಂಗಡಿ. ಒಮ್ಮೆ ಬಂದು ಮಗುವನ್ನು ನೋಡಿ ಹೋಗಿದ್ದ, ನಾಮಕರಣಕ್ಕೆ ಮತ್ತೆ ಬರುವವನಿದ್ದ. ದಿನಾ ಫೋನು ಮಾಡುತ್ತಿದ್ದ.

ಈ ಹುಡುಗಿ ಯಾರು ಎಂದು ಗಿರಿಜಮ್ಮ ಕೇಳಿದ್ದಕ್ಕೆ, ನೀರೆತ್ತಲು ಬಂದಿದ್ದಾಳೆ, ಮುಂದೆ ಡಾಕ್ಟರಿಗೆ ಓದುತ್ತಾಳಂತೆ ಎಂದೆ. ಅವರು ನಗುವ ಹೆಂಗಸು. "ಲೇ ಸವಿತಾ, ನೋಡೇ, ನಮ್ಮನೆಗೆ ಡಾಕ್ಟ್ರಮ್ಮನೇ ನೀರು ಹೊರೋಕ್ ಬಂದವ್ಳೆ! ಡಾಕ್ಟ್ರಮ್ಮಾ, ಕಾಫಿ ಕುಡಿದು ಸೂಜಿ ಚುಚ್ತೀಯೋ, ಚುಚ್ಚಿ ಕುಡೀತೀಯೋ?" ಎಂದರು. ಸಹನಾ ಕೂಡ ನಕ್ಕಳು. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರೇ ಡಾಕ್ಟರಮ್ಮ ಎಂದಾಯಿತು.

ಬಾಣಂತಿ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದ್ದರು. ಒಳಗೆ ಹಗಲೂ ಕತ್ತಲೆ. ಬಾಣಂತಿಗೆ ಅರಿಶಿನ ಹಚ್ಚುವುದು ಎಲ್ಲ ಕಡೆ ಇದೆ. ಗಿರಿಜಮ್ಮ ಕೂಸಿಗೂ ಎಣ್ಣೆಯಲ್ಲಿ ಅರಿಶಿನ ಕಲಸಿ ಸವರುತ್ತಿದ್ದರು. ಒಂದು ಬೆಳಿಗ್ಗೆ ಬಚ್ಚಲ ಬಾಗಿಲಿನ ಬೆಳಕಿನಲ್ಲಿ ಕೂಸು ಕಣ್ಣು ಬಿಟ್ಟಿತು. ಚೊಂಬು ಹಿಡಿದಿದ್ದ ಸಹನಾ ನೀರು ಹೊಯ್ಯುವುದನ್ನು ನಿಲ್ಲಿಸಿದಳು. ಕಣ್ಣಿನ ಬಿಳಿ ಹಳದಿಯಾಗಿತ್ತು.

"ಅಮ್ಮಾ, ಕೂಸಿಗೆ ಕಾಮಾಲೆ ಇದ್ದಂಗದೆ. ಇವತ್ತೇ ಡಾಕ್ಟ್ರಿಗೆ ತೋರ್ಸಿ" ಎಂದು ಗಿರಿಜಮ್ಮನಿಗೆ ಹೇಳಿದಳು.

"ಕಾಮಾಲೆಯಲ್ಲ ಕಣೇ, ಅರಿಶ್ಣ. ನಾನೇ ಹಚ್ಚಿದ್ದು."

"ಅರಿಶ್ಣ ಕಣ್ಣೊಳಗೆ ಹೋಗಲ್ಲಮ್ಮ."

"ಲೇ ಡಾಕ್ಟ್ರಮ್ಮ, ಮೊದ್ಲು ಪಾಸಾಗು, ಆಮೇಲೆ ನಂಗೆ ಹೇಳಿಕೊಡೀವಂತೆ."

ಸಹನಾಳ ಮುಖ ಚಿಕ್ಕದಾಯಿತು. ನಾನೂ ಹೇಳಿದೆ, ಒಮ್ಮೆ ತೋರಿಸಿಕೊಂಡು ಬಂದರೆ ಏನು ಹೋಗುತ್ತದೆ ಎಂದು. ಹಸಿ ಕೂಸನ್ನು ಈ ಚಳಿಯಲ್ಲಿ ಹೊರಗೆ ಒಯ್ದರೆ ಶೀತ ಹಿಡಿಯುತ್ತದೆ, ಎರಡು ದಿನ ನೋಡೋಣ ಎಂದರು ಗಿರಿಜಮ್ಮ. ಮಾರನೆಯ ದಿನ ಮೈ ತೊಳೆದ ಮೇಲೂ ಹಳದಿ ಹೊಟ್ಟೆಯವರೆಗೆ ಇಳಿದಿತ್ತು. ಕೂಸು ನಿದ್ದೆಯಲ್ಲೇ ಇತ್ತು, ನೀರು ಬಿದ್ದರೂ ಸರಿಯಾಗಿ ಅಳಲಿಲ್ಲ. ನಾನು ಮತ್ತೆ ಹೇಳಿದೆ, ಅದೇ ಉತ್ತರ ಬಂತು. ಸಹನಾ ಆ ದಿನ ಬಾಯಿ ಬಿಡಲಿಲ್ಲ. ಪಾಸಾಗದವಳು ಎಂಬ ಮಾತು ಅವಳಿಗೆ ತಗುಲಿತ್ತು.

ಅದರ ಮಾರನೆಯ ಬೆಳಿಗ್ಗೆ ನಾವು ಹೋದಾಗ ಕೂಸು ಬೆನ್ನು ಸೆಟೆದುಕೊಂಡು ಕೀರಲು ದನಿಯಲ್ಲಿ ಕೂಗುತ್ತಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಶಿವಮೊಗ್ಗಕ್ಕೆ ಕೊಂಡೊಯ್ದರು. ಮಂಜುನಾಥ ತರೀಕೆರೆಯಲ್ಲಿ ಅದೇ ಕಾರು ಹತ್ತಿಕೊಂಡ. ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸಿದರಂತೆ, ರಕ್ತ ಬದಲಾಯಿಸಿದರಂತೆ. ಕಾಮಾಲೆ ಮಿದುಳಿಗೆ ಏರಿಬಿಟ್ಟಿದೆ, ಎರಡು ದಿನ ಮುಂಚೆ ತರಬೇಕಿತ್ತು ಎಂದರಂತೆ. ಕೂಸು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನಾನೂ ಸಹನಾಳೂ ಆ ಮನೆಗೆ ಹೋದೆವು. ಮಂಜುನಾಥ ಜಗಲಿಯ ಮೇಲೆ ನಿಂತು ಅತ್ತೆಯನ್ನು ಕೇಳುತ್ತಿದ್ದ.

"ದಿನಾ ಕೇಳ್ದೆ ಅತ್ತೆ. ಡಾಕ್ಟ್ರಿಗೆ ತೋರ್ಸಿದ್ರಾ ಅಂದ್ರೆ, ಡಾಕ್ಟ್ರಮ್ಮ ದಿನಾ ಬಂದು ನೋಡ್ತಾವ್ಳೆ ಅಂದ್ರಿ. ಯಾವ ಡಾಕ್ಟ್ರು ಅದು? ಕರೀರಿ ಅವ್ರನ್ನ."

ಗಿರಿಜಮ್ಮ ನಮ್ಮ ಕಡೆ ಕೈ ತೋರಿಸಿದರು. ಅವನು ನಮ್ಮನ್ನು ನೋಡಿದ. ಆಮೇಲೆ ನಮ್ಮ ಹಿಂದೆ ಇನ್ಯಾರಾದರೂ ಬರುತ್ತಿದ್ದಾರೋ ಎಂದು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ.

"ಈ ನೀರಿನ ಹುಡುಗೀನಾ?"

"ನಾನ್ ಸುಳ್ಳು ಹೇಳ್ಲಿಲ್ಲ ಕಣಪ್ಪಾ. ನಮ್ಮನೇಲಿ ಅವ್ಳನ್ನ ಹಂಗೇ ಕರೆಯೋದು" ಎಂದು ಗಿರಿಜಮ್ಮ ಅತ್ತರು.

ಅದು ನಿಜ. ಆ ಹೆಂಗಸು ಮೋಸ ಮಾಡಲಿಲ್ಲ. ಹಗಲೆಲ್ಲ ಕರೆಯುವ ಹೆಸರು ಬಾಯಿಗೆ ಬಂತು, ಫೋನಿನ ಆ ಕಡೆ ಇದ್ದವನಿಗೆ ಅದು ಬೇರೆಯಾಗಿ ಕೇಳಿಸಿತು. ಮಂಜುನಾಥ ಯಾರಿಗೂ ಬೈಯಲಿಲ್ಲ. ತಲೆ ಹಿಡಿದುಕೊಂಡು ಅಲ್ಲೇ ಕೂತ. ಬೈದಿದ್ದರೆ ಹುಡುಗಿಗೆ ಎಷ್ಟೋ ವಾಸಿಯಿತ್ತು.

ಸಹನಾ ಕೆಲಸಕ್ಕೆ ಬರುವುದನ್ನು ಬಿಟ್ಟಳು. ಆದರೆ ಕೂಸು ಹೋದರೂ ಹೆತ್ತವಳು ಬಾಣಂತಿಯೇ. ಅವಳ ಮೈಗೆ ಬಿಸಿನೀರು ಬೀಳಲೇಬೇಕು. ನನ್ನ ಕೈಯಲ್ಲಿ ಆಗುವುದಿಲ್ಲ, ಬೇರೆ ಆಳು ಸಿಗಲಿಲ್ಲ. ಶಿವನಿಗೆ ಬಸ್ಸು ಹತ್ತಿದೆ.

ಅವಳಪ್ಪ ಬಾಗಿಲಲ್ಲೇ ಸಿಕ್ಕಿದ. "ಪುಸ್ತಕ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕವ್ಳೆ ಕಣಮ್ಮ. ಪರೀಕ್ಷೆ ಬರೆಯಲ್ಲ ಅಂತಾಳೆ. ಬೀರೂರಿನ ಕಡೆ ಒಂದು ಗಂಡದೆ, ಬಂದು ನೋಡ್ಕೊಂಡು ಹೋಗ್ಲಿ ಅಂತಿವ್ನಿ" ಎಂದ. ನಾನು ಒಳಗೆ ಹೋದೆ. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು.

"ನಾಳೆ ಬಾ. ಸವಿತಾಗೆ ಎರೀಬೇಕು."

"ಆ ಮನೆಗಾ? ಏನ್ ಮುಖ ತೋರ್ಸ್ಲಿ ಅಜ್ಜಿ?"

"ನಿನ್ ಮುಖ ಯಾರ್ ಕೇಳಿದ್ರು? ಕೈ ತಗೊಂಡ್ ಬಾ, ಸಾಕು."

ಬಂದಳು. ಬಚ್ಚಲಲ್ಲಿ ಸವಿತಾ ಮಣೆಯ ಮೇಲೆ ಕೂತಿದ್ದಳು. ಹಾಲು ಬತ್ತಲೆಂದು ಎದೆಗೆ ಮಲ್ಲಿಗೆ ಹೂವಿಟ್ಟು ಬಟ್ಟೆ ಬಿಗಿದಿದ್ದರು. ಅದನ್ನು ಬಿಚ್ಚಿ ಬಿಸಿನೀರು ಹೊಯ್ದಾಗ ಹಾಲು ತಾನಾಗಿ ಸುರಿಯತೊಡಗಿತು. ನೀರಿನ ಜೊತೆ ಬಿಳಿಯಾಗಿ ಮೋರಿಗೆ ಹೋಯಿತು. ಸಹನಾ ಚೊಂಬನ್ನು ನೆಲಕ್ಕಿಟ್ಟಳು.

ಸವಿತಾ ತಿರುಗಿ ನೋಡಲಿಲ್ಲ. "ಅವತ್ತು ನೀನ್ ಹೇಳಿದ್ದು ಒಳಗಿದ್ದ ನಂಗೂ ಕೇಳ್ಸ್ತು. ಅಮ್ಮ ಇದಾಳಲ್ಲ, ನೋಡ್ಕೋತಾಳೆ ಅಂತ ಮಲ್ಗಿದ್ದೆ" ಎಂದಳು.

ಸಹನಾ ಚೊಂಬು ಎತ್ತಿ ನೀರು ಹೊಯ್ದಳು.

"ಮಾರನೆ ದಿನಾನೂ ಹೇಳ್ಬೇಕಿತ್ತು ಕಣೇ ನೀನು. ಕೂಗಿ ಹೇಳ್ಬೇಕಿತ್ತು."

"ಹೂಂ ಅಕ್ಕಾ."

ಅಷ್ಟೇ ಮಾತು. ಬಾಣಂತನ ಮುಗಿಯುವವರೆಗೂ ದಿನಾ ಬಂದು ನೀರೆತ್ತಿದಳು. ಸವಿತಾ ಮತ್ತೆ ಆ ಮಾತು ಎತ್ತಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಕೆಲವು ದಿನ ಕಳೆದ ಮೇಲೆ ಒಲೆಯ ಮುಂದೆ ಪುಸ್ತಕ ಮತ್ತೆ ಕಂಡಿತು. ಬೀರೂರಿನ ಗಂಡಿಗೆ ಬೇರೆ ಕಡೆ ಮದುವೆಯಾಯಿತು. ಸಹನಾ ಪರೀಕ್ಷೆ ಬರೆದಳು, ಸರ್ಕಾರಿ ಸೀಟು ಸಿಕ್ಕಿತು, ಹೋದಳು. ಆ ಕೂಸಿನ ಸಾವಿನಿಂದ ಅವಳಿಗೆ ಒಳ್ಳೆಯದಾಯಿತು ಎಂದು ಊರಲ್ಲಿ ಯಾರೋ ಅಂದರು. ಸಾವಿನಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ.

ನನಗೆ ಕೆಲಸ ಕಲಿಸಿದ್ದು ಇಷ್ಟು. ನಾನು ಒಂದು ಸಲ ಹೇಳಿದ್ದೆ ಎನ್ನುವುದು ನಮ್ಮ ಸಮಾಧಾನಕ್ಕೆ ಮಾತ್ರ, ಅದರಿಂದ ಕೂಸಿಗೆ ಏನೂ ಆಗುವುದಿಲ್ಲ. ಈಗ ಯಾವ ಕೂಸಿನ ಕಣ್ಣು ಹಳದಿ ಕಂಡರೂ ಅಲ್ಲಿಗೇ ಎರೆಯುವುದನ್ನು ನಿಲ್ಲಿಸುತ್ತೇನೆ. ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೀದಿ ಬಾಗಿಲಿಗೆ ಬಂದು ನಿಂತು, ಆಟೋ ಬರುವವರೆಗೂ ಕೂಗುತ್ತೇನೆ. ಎರಡು ಮನೆಯವರು ನನ್ನನ್ನು ಕೆಲಸದಿಂದ ಬಿಡಿಸಿದರು. ಬಿಡಿಸಲಿ. ಆ ಎರಡು ಕೂಸೂ ಈಗ ಅಂಗನವಾಡಿಗೆ ಹೋಗುತ್ತಿವೆ.