ಮೂವತ್ತೈದರೊಳಗೆ ಬಾರದ ಸಾವಿತ್ರಕ್ಕ

ಫಿನ್‌ಲ್ಯಾಂಡಿನ ಹುಡುಗ ತನ್ನ ಮುಂದೆ ಬಗ್ಗಿದ್ದನ್ನು ಕಂಡು, ಪಾಪ, ಏನೋ ಬೀಳಿಸಿಕೊಂಡಿದ್ದಾನೆ ಅಂದುಕೊಂಡಳು ಸಾವಿತ್ರಕ್ಕ. ಹುಡುಕಿಕೊಡೋಣವೆಂದು ತಾನೂ ಬಗ್ಗಿದಳು. ಎರಡು ದೇಶದ ತಲೆಗಳು ಠಕ್ಕೆಂದು ಹಾಯ್ದುಕೊಂಡವು. ಹಣೆ ಉಜ್ಜಿಕೊಳ್ಳುತ್ತ ನೋಡಿದರೆ, ಹುಡುಗ ಅವಳ ಕಾಲಿಗೆ ಬಿದ್ದಿದ್ದ.

ಬೇಗಂಪೇಟೆಯ ಹೋಟೆಲಿನ ಏಸಿ ಹಾಲ್. ಯುವ ನೀತಿಯ ಬಗ್ಗೆ ಗಡಿಯಾಚೆ ಈಚೆ ಕೂಡಿ ಕೆಲಸ ಮಾಡಲು ಹೊರಟ ಒಂಬತ್ತು ದೇಶಗಳ ಸಮಿತಿಗೆ ಅಲ್ಲಿ ಸ್ವಾಗತ ನಡೆದಿತ್ತು. ಭಾರತದಲ್ಲಿ ಹಿರಿಯರ ಪಾದ ಮುಟ್ಟಬೇಕೆಂದು ಆ ಹುಡುಗನಿಗೆ ಯಾರೋ ವಿಮಾನ ಹತ್ತುವ ಮೊದಲೇ ಪಾಠ ಮಾಡಿದ್ದರು. ಅವನೋ, ಕಾನ್ವೆಂಟಿನಲ್ಲಿ ಪ್ರೈಜು ಹೊಡೆಯುವ ಮಗುವಿನ ಹಾಗೆ ಪಾಠವನ್ನು ಅಕ್ಷರಶಃ ನಂಬಿದವನು. ಸ್ವಾಗತಕ್ಕೆ ನಿಂತವರ ಸಾಲನ್ನು ಒಮ್ಮೆ ಕಣ್ಣಲ್ಲೇ ಅಳೆದ. ಬಾಲಾನಗರ ಕನ್ನಡ ಸಂಘದ ಅಧ್ಯಕ್ಷ, ಅರವತ್ತರ ಕಲ್ಯಾಣಪ್ಪನವರ ತಲೆ ಅಂದೇ ಬೆಳಿಗ್ಗೆ ಕಪ್ಪಾಗಿತ್ತು. ಆ ಕಪ್ಪನ್ನು ನಂಬಿ ಅವರನ್ನು ದಾಟಿ ಬಂದು, ಪಕ್ಕದ ನರೆಗೂದಲಿನ ಸಾವಿತ್ರಕ್ಕನ ಪಾದ ಹಿಡಿದ. ಅವಳ ಸೆರಗಿಗೆ ಚುಚ್ಚಿದ್ದ ಬ್ಯಾಡ್ಜಿನ ಮೇಲೆ ದಪ್ಪಕ್ಷರದಲ್ಲಿ ಇದ್ದದ್ದು: ಯೂತ್ ಡೆಲಿಗೇಟ್.

"ನೂರು ವರ್ಷ ಬಾಳಪ್ಪಾ," ಅಂದುಬಿಟ್ಟಿತು ಅವಳ ಬಾಯಿ, ಬ್ಯಾಡ್ಜನ್ನು ಒಂದು ಮಾತೂ ಕೇಳದೆ. ಹಾಲಿಗೆ ಹಾಲೇ ನಕ್ಕಿತು.

ಸಾವಿತ್ರಕ್ಕ ಸಂಘದ ಯುವ ವಿಭಾಗದ ಕಾರ್ಯದರ್ಶಿಯಾದಾಗ ನಿಜವಾಗಿಯೂ ಯುವತಿಯೇ. ಗದಗಿನ ಹುಡುಗಿ, ಬಾಲಾನಗರದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ವಿಮಾನದ ಬಿಡಿಭಾಗ ಪರೀಕ್ಷಿಸುವ ಕೆಲಸ. ಆ ಸಂಘದಲ್ಲಿ ಚುನಾವಣೆ ಗಿನಾವಣೆ ಇಲ್ಲ. ಹಳೆಯ ಕಾರ್ಯದರ್ಶಿ ಎಲ್ಲರೆದುರು ಹೊಸಬರ ಅಂಗೈಯಲ್ಲಿ ಸಂಘದ ಹಾಲಿನ ಕೀಲಿ ಇಡಬೇಕು, ಮಂದಿ ಚಪ್ಪಾಳೆ ತಟ್ಟಬೇಕು, ಮುಗಿಯಿತು. ಈ ಪದ್ಧತಿ ಮಾಡಿದವರು ಕಲ್ಯಾಣಪ್ಪನವರೇ. ಸಾವಿತ್ರಕ್ಕನ ಅಂಗೈಗೆ ಬಂದ ಕೀಲಿಗೆ ಆಮೇಲೆ ಇನ್ನೊಂದು ಅಂಗೈ ಸಿಗಲೇ ಇಲ್ಲ. ಕಾಲೊನಿಯ ಹುಡುಗರು ಒಬ್ಬೊಬ್ಬರಾಗಿ ಕಂಪ್ಯೂಟರ್ ಕಲಿಯಲು ಅಮೀರ್‌ಪೇಟೆಗೆ ಹೋದರು. ಹೋದವರು ಅಮೀರರಾದರು, ತಿರುಗಿ ಬರಲಿಲ್ಲ. ಹೈಟೆಕ್ ಸಿಟಿ ಎದ್ದ ಮೇಲಂತೂ ಅವರ ರಾತ್ರಿ ಅಮೆರಿಕದ ಪಾಲು, ಹಗಲು ನಿದ್ದೆಯ ಪಾಲು. ಯುವ ವಿಭಾಗದಲ್ಲಿ ಉಳಿದದ್ದು ವಿಭಾಗ ಮಾತ್ರ, ಯುವ ಹೋಗಿತ್ತು.

ಮೂರು ವರ್ಷದ ಹಿಂದೆ ಯಾರದೋ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಲಿಂಗಂಪಲ್ಲಿಗೆ ಹೋದವಳು, ಸ್ಟೇಷನ್ನಿನಲ್ಲಿ ಇಬ್ಬರು ಹುಡುಗಿಯರ ಜಗಳ ಕೇಳಿ ನಿಂತುಬಿಟ್ಟಳು. ಅಂಥ ಸೊಗಸಾದ ಬೈಗುಳ ಕಿವಿಗೆ ಬೀಳದೆ ಎಷ್ಟೋ ಕಾಲವಾಗಿತ್ತು. ಯಾದಗಿರಿ ಕಡೆಯವರು. ಮಾದಾಪುರದ ಗಾಜಿನ ಕಟ್ಟಡಗಳಿಗೆ ಗಾರೆ ಹೊರುವವರು. ಗೆಲ್ಲುತ್ತಿದ್ದವಳ ಹೆಸರು ಸುಮಂಗಲಾ.

"ರವಿವಾರ ಏನ್ ಮಾಡ್ತೀರಿ ನೀವು?" ಎಂದು ಕೇಳಿದಳು ಸಾವಿತ್ರಕ್ಕ.

"ಸೋಮವಾರದ ದಾರಿ ಕಾಯ್ತೀವ್ರಿ."

ಬಾ ಎಂದು ಕರೆದದ್ದೇ ತಡ, ಮುಂದಿನ ಭಾನುವಾರ ಸುಮಂಗಲಾ ತಮ್ಮ ಕೂಲಿ ಕ್ಯಾಂಪಿನಿಂದ ಒಂದು ದಂಡನ್ನೇ ಸಂಘದ ಹಾಲಿಗೆ ಕರೆತಂದಳು. ಅಂದಿನಿಂದ ವಾರ ತಪ್ಪಿಲ್ಲ. ಲೋಕಲ್ ರೈಲು ಹಿಡಿದು ಫತೇನಗರದಲ್ಲಿ ಇಳಿದು ನಡೆದು ಬರುತ್ತಾರೆ. ಮೊದಲಿಗೆ ಯಾರೂ ಏನೂ ಮಾಡುವುದಿಲ್ಲ. ನಾಲ್ಕೂ ಫ್ಯಾನು ಹಾಕಿಕೊಂಡು ನೆಲದ ಮೇಲೆ ಅಡ್ಡಾಗುತ್ತಾರೆ. ಗಾಳಿ ತಿಂದಾದ ಮೇಲೆ ಅಂಗಳದಲ್ಲಿ ಖೊಖೊ, ಆಮೇಲೆ ಹಾಡು, ಹರಟೆ, ಹೊಸ ಜಗಳ. ಹಾಲಿನ ಗಚ್ಚಿನ ಮೇಲೆ ಸುಣ್ಣದ ಹೆಜ್ಜೆ ಮೂಡಿದ್ದು ಕಂಡು ಕಲ್ಯಾಣಪ್ಪನವರು ಪ್ರತಿ ಸೋಮವಾರ ಆಳು ಕರೆಸಿ ಎರಡೆರಡು ಸಲ ತೊಳೆಸುತ್ತಿದ್ದರು. ಆ ದಂಡನ್ನು ತಡೆಯಲು ಅವರಿಗೆ ನೆಪ ಬೇಕಿತ್ತು, ಫಿನ್‌ಲ್ಯಾಂಡಿನವನು ಒದಗಿಸಿದ.

"ನಮ್ಮ ಮರ್ಯಾದಿ ಹೋತಲ್ರಿ ಸಾವಿತ್ರಿಬಾಯಿ!" ಎಂದರು ಹೋಟೆಲಿನ ಮೆಟ್ಟಿಲ ಮೇಲೇ.

"ಎಲ್ಲಿ ಹೋತ್ರಿ? ನನ್ನ ಕಾಲಿಗೆ ಬಿದ್ದೈತಿ."

"ಚಾಷ್ಟಿ ಬ್ಯಾಡ. ಹೋದ ವರ್ಷ ನಮ್ಮ ದೇಶದ ಹೊಸ ಯುವ ನೀತಿ ಬಂದೈತಿ. ಹದಿಮೂರರಿಂದ ಮೂವತ್ತೈದು ಅಷ್ಟ ಯುವಕರು. ಈ ಸಮಿತಿದೂ ಅದ ಕಂಡೀಷನ್. ಕಾರ್ಯದರ್ಶಿ ಮೂವತ್ತೈದರೊಳಗ ಇದ್ರ ಮಾತ್ರ ನಮ್ಮ ಸಂಘಕ್ಕ ಹೊರದೇಶದ ಸಂಘದ ಜೋಡಿ ಕೂಡಿಸ್ತಾರ. ರವಿವಾರ ಅವರೆಲ್ಲ ಹಾಲ್ ನೋಡಾಕ ಬರ್ತಾರ. ಅವರ ಮುಂದ ನಮ್ಮ ನಿತಿನನ ಕೈಯಾಗ ಕೀಲಿ ಇಟ್ಟುಬಿಡ್ರಿ."

ನಿತಿನ ಕಲ್ಯಾಣಪ್ಪನವರ ಮಗ, ಸಾಫ್ಟ್‌ವೇರಿನವನು. ಒಳ್ಳೆಯ ಹುಡುಗ, ಎಚ್ಚರವಿದ್ದಾಗ.

"ನಿತಿನ ಹಾಲಿಗೆ ಕಡೀಕ ಬಂದದ್ದು ಮೂರನೇ ಇಯತ್ತೆ ಇದ್ದಾಗ, ಕೇಕ್ ತಿನ್ನಾಕ."

"ಇನ್ನ ಮುಂದ ಬರ್ತಾನ. ಕಂಪ್ಯೂಟರ್ ಕ್ಲಬ್ ಮಾಡ್ತಾನ. ಆ ಕ್ಯಾಂಪಿನ ಮಂದಿ ಈ ವಾರ ಬರೂದು ಬ್ಯಾಡ, ಮುಂದೂ ಬ್ಯಾಡ. ನೀತಿ ಅಂದಮ್ಯಾಲೆ ಪಾಲಿಸಬೇಕಲ್ರಿ?"

"ಪಾಲಿಸಿ ನಿಮ್ಮದು, ಪ್ರೀಮಿಯಂ ಕಟ್ಟೂದು ಆ ಹುಡುಗ್ರು," ಎಂದು ಹೇಳಿ ಸಾವಿತ್ರಕ್ಕ ಆಟೋ ಹತ್ತಿದಳು.

ಮಾತೇನೋ ಚೆಂದ ಬಂದಿತ್ತು. ಆದರೆ ಆಟೋ ಮಲ್ಕಾಜ್‌ಗಿರಿಯ ಮನೆ ಮುಟ್ಟುವಷ್ಟರಲ್ಲಿ ಅದರ ಖುಷಿ ಇಳಿದಿತ್ತು. ಕುರ್ಚಿಯ ಮೇಲೆ ಅವಳಿಗೆ ಆಸೆ ಇರಲಿಲ್ಲ. ಆ ಕುರ್ಚಿಗೆ ಮೂರೇ ಕಾಲು ನೆಟ್ಟಗಿದ್ದವು. ಕೀಲಿ ನಿತಿನನ ಕೈಗೆ ಹೋದರೆ ಮುಂದಿನ ವಾರ ಆ ದಂಡು ಫತೇನಗರದಿಂದ ನಡೆದು ಬಂದು ಬಾಗಿಲು ನೋಡಿಕೊಂಡು ತಿರುಗಿ ಹೋಗಬೇಕು. ಅದನ್ನು ನೆನೆದರೆ ಹಲ್ಲು ಕಡಿಯುವಂತಾಗುತ್ತಿತ್ತು.

ಗಂಡ ನರಹರಿ ಎಲ್ಲ ಕೇಳಿ, "ಯೂತ್ ಪಾಲಿಸಿ ಮೆಚೂರ್ ಆಗೂದು ಮೂವತ್ತೈದಕ್ಕ ಅಂದಂಗಾತು. ನಿಂದು ಎಂದೋ ಆಗೇತಿ, ಬಿಟ್ಟುಬಿಡು," ಅಂದ.

"ಬಿಡೂದಿಲ್ಲ."

ಶನಿವಾರ ಸುಮಂಗಲಾ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಾಗ ಸಾವಿತ್ರಕ್ಕ ನಡೆದದ್ದನ್ನೆಲ್ಲ ಹೇಳಿದಳು.

"ಹಂಗಾರ ನಾವು ಬರೂದು ಬ್ಯಾಡೇನಕ್ಕ?"

"ಎಲ್ಲಾರೂ ಬರ್ರಿ. ಒಬ್ಬರೂ ತಪ್ಪಬ್ಯಾಡ್ರಿ."

"ಫಾರಿನ್ ಮಂದಿ ಅಂತೀರಿ. ಚಲೋ ಅರಿವಿ ಹಾಕ್ಕೊಂಡು ಬರೂದೇನು?"

"ಓಡಾಕ ಬರೂವಂಥ ಅರಿವಿ ಹಾಕ್ಕೊಂಡು ಬರ್ರಿ."

ಭಾನುವಾರ ಹಾಲಿನ ತುಂಬ ಬ್ಯಾನರು. ವೇದಿಕೆಯ ಮೇಲೆ ಸಮಿತಿಯ ಮುಖ್ಯಸ್ಥೆ, ಎಸ್ಟೋನಿಯಾದ ಬೆಳ್ಳಿಗೂದಲಿನ ಹೆಂಗಸು. ಎದುರಿನ ಕುರ್ಚಿಗಳಲ್ಲಿ ಉಳಿದ ದೇಶಗಳು, ಹಿಂದೆ ಸಂಘದ ಸದಸ್ಯರು. ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದ ನಿತಿನ ಮುಖ್ಯಸ್ಥೆಯ ಪಕ್ಕದಲ್ಲಿ ಇಂಗ್ಲಿಷಿಗೆ ಅನುವಾದ ಮಾಡುತ್ತ ಕುಳಿತಿದ್ದ. ಕಣ್ಣು ಎರಡೂ ಕೆಂಪು. ಯುವಶಕ್ತಿಯ ಮೇಲೆ ಕಲ್ಯಾಣಪ್ಪನವರ ಭಾಷಣ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಯುವಶಕ್ತಿಯೇ ಬಂದು ನಿಂತಿತು.

ಕಲ್ಯಾಣಪ್ಪ ಮೈಕು ಬಿಟ್ಟು ಓಡಿದರು. "ಇವತ್ತ ಪ್ರೋಗ್ರಾಂ ಐತಿ! ನಡೀರಿ, ನಡೀರಿ!"

"ಗೊತ್ತೈತ್ರಿ ಯಜಮಾನ್ರ, ಅದಕ್ಕ ಓಡಿ ಬಂದೀವಿ," ಎಂದು ಸುಮಂಗಲಾ ಅವರ ಕಂಕುಳ ಕೆಳಗಿಂದ ಒಳಗೆ ನುಸುಳಿದಳು. ಹಿಂದೆ ಅಂಬಣ್ಣ, ಬಸು, ಹಂಪಮ್ಮ, ನೀಲಾ, ಇನ್ನೂ ಎಷ್ಟೋ ಮಂದಿ. ಯಾರಿಗೂ ಅಂಜಿಕೆಯಿಲ್ಲ. ಕುರ್ಚಿಗಳ ಹಿಂದೆ ಖಾಲಿ ಉಳಿದ ಜಾಗ ನೋಡಿದರು. ಮೇಲೆ ಫ್ಯಾನು ತಿರುಗುತ್ತಿತ್ತು. ಪ್ರತಿವಾರದಂತೆ ಸಾಲಾಗಿ ಮಲಗಿಬಿಟ್ಟರು.

ಎದುರಿನ ದೇಶಗಳೆಲ್ಲ ಕುರ್ಚಿ ತಿರುಗಿಸಿ ಕುಳಿತವು. ಇದು ಯಾವ ಕಾರ್ಯಕ್ರಮ ಎಂದು ಫಿನ್‌ಲ್ಯಾಂಡಿನ ಹುಡುಗ ಪಿಸುಮಾತಿನಲ್ಲಿ ಕೇಳಿದ.

"ಯೋಗಾ, ಸರ್!" ಎಂದರು ಕಲ್ಯಾಣಪ್ಪ ಬೆವರೊರೆಸಿಕೊಳ್ಳುತ್ತ. "ಶವಾಸನ!"

"ಆಸನ ಅಲ್ರೀ, ದಣಿವು," ಎಂದಳು ಸಾವಿತ್ರಕ್ಕ ನಿತಿನನ ಕಡೆ ತಿರುಗಿ. "ಆರು ದಿನ ಗಾರಿ ಹೊತ್ತಾರ. ಅದನ್ನೂ ಹೇಳಪಾ ಅವರಿಗೆ."

ನಿತಿನ ಹೇಳಿದ. ಹೇಳುವಾಗ ಅವನ ಕಣ್ಣು ಆ ನೆಲವನ್ನೇ ನೋಡುತ್ತಿತ್ತು, ಉಪವಾಸದವನು ಪಂಕ್ತಿ ನೋಡುವ ಹಾಗೆ.

ಆಮೇಲೆ ಖೊಖೊ. ಮಲೇಷ್ಯಾದವಳು ಚಪ್ಪಲಿ ಬಿಚ್ಚಿ ಇಳಿದಳು. ಫಿನ್‌ಲ್ಯಾಂಡಿನವನಿಗೆ ಸುಮಂಗಲಾ ಬೆನ್ನಿಗೊಂದು ಇಕ್ಕಿ ಔಟು ಮಾಡಿದಳು. ಅವನು ಅವಳ ಕಾಲಿಗೆ ಬೀಳಲಿಲ್ಲ, ಮಣ್ಣಿಗೆ ಬಿದ್ದ. ಯುವ ನೀತಿಯನ್ನು ಅರ್ಧ ತಾಸು ಯಾರೂ ನೆನೆಯಲಿಲ್ಲ.

ಎಲ್ಲರೂ ಮೈ ಝಾಡಿಸಿಕೊಂಡು ಒಳಗೆ ಬಂದಾಗ ಕಲ್ಯಾಣಪ್ಪ ಮೈಕು ಹಿಡಿದು ಕಾಯುತ್ತಿದ್ದರು. "ಈಗ ಸಾವಿತ್ರಿಬಾಯಿಯವರು ಹೊಸ ತಲೆಮಾರಿಗೆ ಕೀಲಿ ಕೊಡ್ತಾರ."

ಸಾವಿತ್ರಕ್ಕ ಎದ್ದಳು. ಕೀಲಿ ಕೈಯಲ್ಲಿ ಬಿಸಿಯಾಗಿತ್ತು. ಮುಖ್ಯಸ್ಥೆಯ ಮುಂದೆ ನಿಂತು, "ಕಾರ್ಯದರ್ಶಿ ಮೂವತ್ತೈದರೊಳಗ ಇದ್ರ ಸಾಕಲ್ರಿ? ಮತ್ತೇನರ ಕಂಡೀಷನ್ ಐತೇನು?" ಎಂದು ನಿತಿನನಿಂದ ಕೇಳಿಸಿದಳು. ಅಷ್ಟೇ, ಬೇರೇನಿಲ್ಲ ಎಂದಳು ಆಕೆ.

ಕಲ್ಯಾಣಪ್ಪ ಮಗನ ಮೊಣಕೈ ತಿವಿದರು. ನಿತಿನ ಅಂಗೈ ಚಾಚಲಿಲ್ಲ. ಚಾಚಿದ್ದರೂ ವ್ಯತ್ಯಾಸವಾಗುತ್ತಿರಲಿಲ್ಲ. ಸಾವಿತ್ರಕ್ಕ ಅವನನ್ನು ದಾಟಿ, ಸದಸ್ಯರನ್ನು ದಾಟಿ, ಹಾಲಿನ ಕೊನೆಗೆ ಹೋಗಿ ಸುಮಂಗಲಾಳ ಮಣ್ಣುಗೈಯಲ್ಲಿ ಕೀಲಿ ಇಟ್ಟಳು.

"ಅಕ್ಕಾ, ಖರೇನಾ?" ಎಂದಳು ಸುಮಂಗಲಾ. ಜಗಳದಲ್ಲಿ ಎಂದೂ ಸೋಲದವಳು ಕೀಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಆಕಿ ಸದಸ್ಯಳ ಅಲ್ಲ!" ಕಲ್ಯಾಣಪ್ಪ ಮೈಕಿನಲ್ಲೇ ಕೂಗಿದರು.

"ಮೂರು ವರ್ಷದಿಂದ ಒಂದು ರವಿವಾರ ತಪ್ಪಿಸಿಲ್ಲ ಈಕಿ. ಸದಸ್ಯರೊಳಗ ಹಂಗ ಬಂದವರು ಯಾರರ ಇದ್ರ ಕೈ ಎತ್ರಿ. ಕೀಲಿ ತಿರುಗಿ ಇಸ್ಕೊಂಡು ಅವರಿಗೆ ಕೊಡ್ತೀನಿ."

ಒಂದು ಕೈಯೂ ಏಳಲಿಲ್ಲ. ಒಂದು ಜೊತೆ ಕೈ ಮಾತ್ರ ಕೂಡಿಕೊಂಡಿತು: ನಿತಿನ ಚಪ್ಪಾಳೆ ತಟ್ಟುತ್ತಿದ್ದ. ಮನಸಾರೆ, ಇನ್ನು ಮನೆಗೆ ಹೋಗಿ ಮಲಗಬಹುದು ಎಂಬ ಸಂತೋಷದಲ್ಲಿ. ಹಿಂದೆಯೇ ಒಂಬತ್ತು ದೇಶ, ಕ್ಯಾಂಪಿನ ದಂಡು, ಕಡೆಗೆ ನಾಚಿಕೊಂಡು ಸದಸ್ಯರೂ. ಚಪ್ಪಾಳೆ ಬಿದ್ದ ಮೇಲೆ ಮುಗಿಯಿತು. ಪದ್ಧತಿ ಅಂದಮೇಲೆ ಪದ್ಧತಿ.

"ರವಿವಾರ ಬಾಗಲಾ ತೆಗದಿರ್ತೀನ್ರಿ," ಎಂದಳು ಸುಮಂಗಲಾ, ಕೀಲಿಯನ್ನು ಸೆರಗಿಗೆ ಗಂಟು ಹಾಕುತ್ತ. "ನೀವೂ ಬರ್ರಿ ಯಜಮಾನ್ರ. ಫ್ಯಾನ್ ಕೆಳಗ ನಿಮಗೂ ಜಾಗ ಐತಿ."

ಕಲ್ಯಾಣಪ್ಪ ಮೈಕು ಆರಿಸಿದರು.

ಚಹಾದ ಹೊತ್ತಿನಲ್ಲಿ ಬೆಳ್ಳಿಗೂದಲಿನ ಮುಖ್ಯಸ್ಥೆ ಸಾವಿತ್ರಕ್ಕನ ಎರಡೂ ಕೈ ಹಿಡಿದುಕೊಂಡಳು. ಪಕ್ಕದಲ್ಲಿ ನರಹರಿ ಬಿಸ್ಕೀಟು ಅದ್ದುತ್ತಿದ್ದ. ಸುತ್ತ ಎಲ್ಲರೂ ಕಪ್ಪು ಕೆಳಗಿಟ್ಟು ಹತ್ತಿರ ಬಂದರು. ಎಷ್ಟೊಂದು ದೇಶ ಸುತ್ತಿದ್ದೇನೆ, ಇಂಥ ನಿಷ್ಠೆ ಕಂಡಿಲ್ಲ, ಎಂದಳು ಆಕೆ. ಆಮೇಲೆ ಒಂದು ಪ್ರಶ್ನೆ ಹಾಕಿದಳು, ನಿತಿನ ಅನುವಾದಿಸಿದ: "ಮೊಟ್ಟಮೊದಲು ಯುವಜನರ ಸೇವೆಗೆ ಬರಾಕ ನಿಮಗ ಪ್ರೇರಣೆ ಏನು ಅಂತ ಕೇಳಾಕತ್ತಾರ್ರಿ."

"ಮನ್ಯಾಗ ಅತ್ತಿ ಇದ್ರು," ಎಂದಳು ಸಾವಿತ್ರಕ್ಕ. "ರವಿವಾರ ಹೊರಗ ಬೀಳಾಕ ಒಂದು ನೆಪ ಬೇಕಾಗಿತ್ತು."

ನಿತಿನ ಅದನ್ನೇ ಹೇಳಿದ. ಆಕೆಗೆ ಸಮಾಧಾನವಾಗಲಿಲ್ಲ. ಅತ್ತೆ ಈಗಲೂ ಇದ್ದಾರೆಯೇ?

"ಇಲ್ರಿ, ತೀರಿಕೊಂಡು ನಾಕು ವರ್ಷ ಆತು. ಆದ್ರ ಅಷ್ಟ್ರಾಗ ಇವರು ಬ್ಯಾಂಕಿನ ವಿಆರೆಸ್ ತಗೊಂಡು ಮನ್ಯಾಗ ಕುಂತ್ರು."