ಸೋಮವಾರದವರೆಗೆ ಒಳಗಿರಲಿ

ಅಮೆರಿಕದ ಮೊಂಟಾನಾ ರಾಜ್ಯದ ಗೋಧಿ ಸೀಮೆಯ ಒಂದು ಕೌಂಟಿಯಲ್ಲಿ, ಅಂದರೆ ಸಣ್ಣ ಜಿಲ್ಲೆಯಲ್ಲಿ, ಆರ್ಡಿಸ್ ಟ್ವೇಟ್ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಜನರ ಓಟಿನಿಂದ ಗೆದ್ದು ಬಂದಿದ್ದ ಅಲ್ಲಿಯ ಸಣ್ಣ ಕೋರ್ಟಿನ ಮುದಿ ಜಡ್ಜ್ ಅವಧಿ ಮುಗಿಯುವ ಮೊದಲೇ ತೀರಿಕೊಂಡಾಗ, ಮುಂದಿನ ಚುನಾವಣೆಯವರೆಗೆ ಖಾಲಿ ಕುರ್ಚಿಗೆ ಯಾರನ್ನಾದರೂ ಕೂರಿಸುವ ಹೊಣೆ ಕೌಂಟಿಯ ಆಡಳಿತ ನಡೆಸುವ ಕಮಿಷನರುಗಳ ಮೇಲೆ ಬಿತ್ತು. ಆ ಹುದ್ದೆಗೆ ವಕೀಲಿಕೆ ಓದಿರಲೇಬೇಕೆಂದೇನೂ ಇಲ್ಲ. ಊರಿಗಿದ್ದ ಒಬ್ಬನೇ ವಕೀಲ ಒಲ್ಲೆನೆಂದಿದ್ದ.

"ಬಸ್ ತುಂಬ ಗಲಾಟೆ ಮಕ್ಕಳನ್ನ ಒಂದೇ ನೋಟಕ್ಕೆ ಕೂರಿಸ್ತೀಯ, ಕುಡುಕರು ಯಾವ ಲೆಕ್ಕ ನಿಂಗೆ?" ಎಂದ, ಅವಳ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದ ಒಬ್ಬ ಕಮಿಷನರ್.

ತರಬೇತಿ ಮುಗಿಸಿ, ಪರೀಕ್ಷೆ ಪಾಸಾಗಿ, ಬಲಗೈ ಎತ್ತಿ ಪ್ರಮಾಣ ಮಾಡಿದಳು. ಸತ್ತವನ ಕರಿ ನಿಲುವಂಗಿಯನ್ನೇ ಕತ್ತರಿಸಿ ಹೊಲಿದು ತೊಟ್ಟಳು. ಬೆಳಿಗ್ಗೆ ಬಸ್ಸು, ಆಮೇಲೆ ಕೋರ್ಟು.

ಆ ಚಳಿಗಾಲದ ಒಂದು ಶುಕ್ರವಾರ ಕೆಲ್ಬಿ ಸ್ಕೋಗನ್ ಅವಳೆದುರು ನಿಂತ. ಚಿಕ್ಕವನಿದ್ದಾಗ ಅವಳ ಬಸ್ಸಿನ ಕೊನೆಯ ಸೀಟಿನಲ್ಲಿ ಕೂರುತ್ತಿದ್ದವನು. ಕುಡಿದು ಗಾಡಿ ಓಡಿಸಿದ್ದ. ಕರೆದಾಗ ಕೋರ್ಟಿಗೂ ಬಂದಿರಲಿಲ್ಲ. ಅಮ್ಮನ ಮನೆಯಲ್ಲಿದ್ದು ಸೋಮವಾರ ತಪ್ಪದೆ ಬರುತ್ತೇನೆಂದು ಬೇಡಿಕೊಂಡ. ಅವನ ಕೈಗಳು ನಡುಗುತ್ತಿದ್ದವು. ಹೆದರಿದ್ದಾನೆ, ಹೆದರಲಿ, ಬುದ್ಧಿ ಬರುತ್ತದೆ ಅಂದುಕೊಂಡಳು ಆರ್ಡಿಸ್.

"ಸೋಮವಾರದವರೆಗೆ ಒಳಗಿರಲಿ" ಎಂದಳು.

ಭಾನುವಾರ ಬೆಳಿಗ್ಗೆ ಅವನು ಜೈಲಿನ ಕೋಣೆಯಲ್ಲಿ ಸತ್ತು ಬಿದ್ದಿದ್ದ. ಹಗಲಿರುಳು ಕುಡಿಯುವವನಿಗೆ ಥಟ್ಟನೆ ಮದ್ಯ ತಪ್ಪಿದರೆ ಮೊದಲು ಕೈಗಳು ನಡುಗುತ್ತವೆ, ಆಮೇಲೆ ಫಿಟ್ಸ್ ಬರುತ್ತದೆ ಎಂದರು ಡಾಕ್ಟರು. ಜಡ್ಜ್ ಕಾನೂನಿನಂತೆಯೇ ನಡೆದಿದ್ದಾಳೆ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಯಾರೂ ಅವಳತ್ತ ಬೆರಳು ತೋರಿಸಲಿಲ್ಲ. ತೋರಿಸಿದ್ದರೆ ಎದೆ ಹಗುರಾಗುತ್ತಿತ್ತೇನೋ.

ಅಂದಿನಿಂದ ಎದುರು ನಿಂತವರ ಮುಖಕ್ಕಿಂತ ಮೊದಲು ಅವರ ಕೈಗಳೇ ಅವಳ ಕಣ್ಣಿಗೆ ಬೀಳತೊಡಗಿದವು. ಕೋರ್ಟಿನ ಕೆಳಗೇ ಜೈಲು. ಕಟ್ಟಡವನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆ ಟಕಟಕ ಸದ್ದು ಮಾಡಿದರೆ, ಕೆಳಗಿನಿಂದ ಯಾರೋ ಬಡಿದು ಕರೆದಂತಾಗಿ ಅವಳ ಮಾತು ಅರ್ಧಕ್ಕೇ ನಿಂತುಬಿಡುತ್ತಿತ್ತು. ಬಸ್ಸಿನ ಕನ್ನಡಿ ನೋಡಿದರೆ ಕೊನೆಯ ಸೀಟಿನಲ್ಲಿ ಅವನೇ ಕೂತಿರುತ್ತಿದ್ದ. ಬಸ್ಸು ಬಿಟ್ಟಳು. ಚುನಾವಣೆ ಹತ್ತಿರ ಬಂದಾಗ ಕುರ್ಚಿಯನ್ನೂ ಬಿಡುತ್ತೇನೆಂದು ಎಲ್ಲರಿಗೂ ಹೇಳಿದಳು.

ಸುದ್ದಿ ಕೇಳಿ ಕೆಲ್ಬಿಯ ತಾಯಿ ಲೋರ್ನಾ ಮನೆಗೆ ಬಂದಳು. ಕೂರು ಎಂದರೂ ಕೂರಲಿಲ್ಲ.

"ಈ ಸಲ ನಿಲ್ಲಲ್ವಂತೆ?"

"ಆ ಕುರ್ಚಿಲಿ ಕೂರೋಕೆ ನಂಗೆ ಮುಖ ಇಲ್ಲ, ಲೋರ್ನಾ."

"ನಿನ್ನ ಕ್ಷಮಿಸೋಕೆ ಬಂದಿಲ್ಲ ನಾನು. ಹೊಸಬ ಯಾವನೋ ಬಂದು ಕೂತ್ರೆ ಅವನಿಗೆ ನನ್ನ ಮಗ ಯಾರಂತ ಗೊತ್ತಿರುತ್ತಾ? ನಿಂಗೆ ಗೊತ್ತು. ನೀನೇ ಕೂರಬೇಕು."

ಆರ್ಡಿಸ್ ಚುನಾವಣೆಗೆ ನಿಂತಳು. ಎದುರಾಳಿ ಯಾರೂ ಇರಲಿಲ್ಲ, ಗೆದ್ದಳು. ಮತ್ತೆ ಮತ್ತೆ ಗೆದ್ದಳು. ಶುಕ್ರವಾರ ಕೋರ್ಟು ಮುಗಿದ ಮೇಲೆ ಕೆಳಗಿಳಿದು ಹೋಗಿ ಒಬ್ಬೊಬ್ಬ ಕೈದಿಯ ಕೈಯನ್ನೂ ಚಾಚಿಸಿ ನೋಡುತ್ತಿದ್ದಳು. "ಕೈ ನೋಡಿ ಭವಿಷ್ಯ ಹೇಳ್ತೀಯಾ, ಆರ್ಡಿಸ್?" ಎಂದು ಜೈಲಿನ ಉಸ್ತುವಾರಿಯ ಪೊಲೀಸ್ ಅಧಿಕಾರಿ, ಷೆರಿಫ್, ಗೇಲಿ ಮಾಡಿದ. ಅವಳು ನಗಲಿಲ್ಲ. ನಡುಗುವವರನ್ನು ಆಸ್ಪತ್ರೆಗೆ ಕಳಿಸಿದಳು. ಕೆಲವರು ಬದುಕಿ ಮನೆಗೆ ಹೋದರು. ಅವರ ಹೆಸರುಗಳು ಅವಳಿಗೆ ನೆನಪಿಲ್ಲ.

ಲೋರ್ನಾ ಮತ್ತೆಂದೂ ಅವಳೊಡನೆ ಮಾತಾಡಲಿಲ್ಲ. ಈಗ ಲೋರ್ನಾ ಊರಾಚೆಯ ವೃದ್ಧಾಶ್ರಮದಲ್ಲಿದ್ದಾಳೆ. ಚರ್ಚಿನಿಂದ ಮರಳುವಾಗ ಆರ್ಡಿಸ್ ಅದರ ಅಂಗಳದಲ್ಲಿ ಕಾರು ನಿಲ್ಲಿಸುತ್ತಾಳೆ. ಎಂಜಿನ್ ಆರಿಸುವುದಿಲ್ಲ. ಕಿಟಕಿಗಳತ್ತ ನೋಡುತ್ತ ಕೊಂಚ ಹೊತ್ತು ಕೂತಿದ್ದು, ಒಳಗೆ ಹೋಗದೆ ಹೊರಟುಬಿಡುತ್ತಾಳೆ.